ಮಸಿಯೊಳಗಿನ ಷಟ್ಕೋನಗಳು



ಕೊಕ್ಕನೂರಿನ ನಮ್ಮ ಅಡುಗೆಮನೆಯ ಜಂತೆಗಳು ಕಪ್ಪಾಗಿದ್ದವು. ಊದುಗೊಳವೆ ಹಿಡಿದು ಒಲೆಯ ಮುಂದೆ ಕೂರುತ್ತಿದ್ದ ತಾಯಿಯ ಕಣ್ಣೀರನ್ನು ಹೊಗೆಯ ಲೆಕ್ಕಕ್ಕೆ ಬರೆದು ನಾವು ಸುಮ್ಮನಾದೆವು. ದಾವಣಗೆರೆಗೆ ಬಂದರೆ ಮಂಡಕ್ಕಿ, ಮೆಣಸಿನಕಾಯಿ ಮೆಚ್ಚಿದೆವೇ ಹೊರತು ಭಟ್ಟಿಯ ಹೊಗೆಯನ್ನು ವಿಚಾರಿಸಲಿಲ್ಲ. ವಿಜ್ಞಾನ ಬೋಧಿಸಿದ ನಾನೂ ಆ ಪಾಠವನ್ನು ಹೇಳದೆ ನಿವೃತ್ತನಾದೆ.

ಹೊಟ್ಟಾಗಲಿ, ಸೌದೆಯಾಗಲಿ, ಗಾಳಿ ಸಾಲದೆ ಅರೆಬರೆ ಉರಿದಾಗ ಬೆಂಜೀನಿನಂಥ ಷಟ್ಕೋನ ಉಂಗುರಗಳು ಒಂದಕ್ಕೊಂದು ಬೆಸೆದುಕೊಂಡು ಬಹುಚಕ್ರೀಯ ಆರೊಮ್ಯಾಟಿಕ್ ಹೈಡ್ರೋಕಾರ್ಬನ್‌ಗಳಾಗುತ್ತವೆ. ಅವುಗಳಲ್ಲಿ ಐದು ಉಂಗುರಗಳ ಬೆಂಜೊ-ಎ-ಪೈರೀನ್ ಕ್ಯಾನ್ಸರ್‌ಕಾರಕ. ಚಿಮಣಿ ಗುಡಿಸುವವರ ಕ್ಯಾನ್ಸರಿಗೂ ಮಸಿಗೂ ಇರುವ ನಂಟನ್ನು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿಯೇ ಗುರುತಿಸಿದ್ದರು.

ಬೆಂಕಿ ಕುರುಡಾಗಿ ಮಾಡುವ ಕೆಲಸವನ್ನು ರಸಾಯನಜ್ಞರು ಕಣ್ತೆರೆದು ಮಾಡುತ್ತಾರೆ. ಉಂಗುರಗಳ ಅಂಚಿನ ಹೈಡ್ರೋಜನ್ನನ್ನು ಉತ್ಕರ್ಷಣದಿಂದ ತೆಗೆದು, ಕಾರ್ಬನ್ನಿಗೆ ಕಾರ್ಬನ್ ಬೆಸೆಯುವ ಒಂದು ವಿಧಾನಕ್ಕೆ ರೋಲೆಂಡ್ ಶೋಲ್ ಅವರ ಹೆಸರಿದೆ; ಕಾಲ 1910. ಹೆಕ್ಸಾಫೀನೈಲ್‌ಬೆಂಜೀನನ್ನು ಅಲ್ಯುಮಿನಿಯಂ ಕ್ಲೋರೈಡ್ ಹಾಗೂ ತಾಮ್ರದ ಲವಣದೊಂದಿಗೆ ಕಲಕಿದರೆ, ಕೋಣೆಯ ಉಷ್ಣತೆಯಲ್ಲಿಯೇ 12 ಹೈಡ್ರೋಜನ್ ಪರಮಾಣುಗಳು ಕಳಚಿ 6 ಹೊಸ ಬಂಧಗಳು ಮೂಡುತ್ತವೆ. ದೊರೆಯುವುದು 42 ಕಾರ್ಬನ್‌ಗಳ ಚಪ್ಪಟೆ ಅಣು, ಗ್ರಾಫೀನ್ ಹಾಳೆಯ ಒಂದು ಚೂರಿನಂತೆ. ಇಂಥ ಅಣುಗಳು ವಿದ್ಯುನ್ಮಾನ ಸಾಧನಗಳಿಗೆ ಒದಗಬಹುದೆಂದು ಸಂಶೋಧನೆಗಳು ನಡೆದಿವೆ.

ಹಾಗೆಂದು ಪ್ರಯೋಗಶಾಲೆ ನಿರ್ದೋಷಿಯಲ್ಲ. ಅಲ್ಲಿಯೂ ಬೇಡದ ಕಡೆ ಬಂಧ ಕೂಡುವುದುಂಟು, ಕ್ಲೋರಿನ್ ಅಂಟುವುದುಂಟು. ಬಳಸಿದ ದ್ರಾವಕ, ಲವಣಗಳ ತ್ಯಾಜ್ಯವೂ ಉಳಿಯುತ್ತದೆ. ಆದರೆ ಅಲ್ಲಿ ಏನು ಹುಟ್ಟಿತೆಂಬ ಲೆಕ್ಕವಿರುತ್ತದೆ. ಗಾಜಿನ ಪಾತ್ರೆಯ ಆಚೆ ಯಾರ ಶ್ವಾಸಕ್ಕೂ ಅದು ಸೇರದಂತೆ ಕಾವಲಿರುತ್ತದೆ. ನಮ್ಮ ಒಲೆಗೆ ಲೆಕ್ಕವೂ ಇರಲಿಲ್ಲ, ಕಾವಲೂ ಇರಲಿಲ್ಲ.

“ರಾಸಾಯನಿಕವೆಂದರೆ ವಿಷ, ಹುಲ್ಲಿನ ಹೊಗೆ ಸಹಜ” ಎಂಬ ಮಾತನ್ನು ವಿದ್ಯಾವಂತರೂ ಆಡುವುದನ್ನು ಕೇಳಿದ್ದೇನೆ. ಅದು ತಪ್ಪು. ಎರಡರಲ್ಲಿಯೂ ಇರುವುದು ಒಂದೇ ಕುಲದ ಅಣುಗಳು. ಕೇಳಬೇಕಾದ ಪ್ರಶ್ನೆ ಎಲ್ಲಿಂದ ಬಂತೆಂಬುದಲ್ಲ. ಯಾವ ಅಣು, ಎಷ್ಟು, ಯಾರ ಎದೆಯೊಳಗೆ ಎಂಬುದು.

ನಿಮ್ಮಲ್ಲಿ ಗದ್ದೆ ಮಾಡುವವರಿದ್ದೀರಿ. ಭತ್ತ ಕೊಯ್ದ ಮೇಲೆ ಹುಲ್ಲಿಗೆ ಬೆಂಕಿ ಇಡಬೇಡಿರಿ. ದನಕ್ಕೆ ಹಾಕಿರಿ, ಇಲ್ಲವೇ ಮಣ್ಣಿಗೆ ಸೇರಿಸಿರಿ. ಮನೆಯಲ್ಲಿ ಇನ್ನೂ ಸೌದೆಯ ಒಲೆ ಉರಿಯುತ್ತಿದ್ದರೆ ಹೊಗೆ ಹೋಗಲು ದಾರಿ ಮಾಡಿರಿ. ನನ್ನ ತಾಯಿಗೆ ನಾನು ಮಾಡದೆ ಉಳಿಸಿದ ಕೆಲಸವದು.