ಆಮೆಗೆ ರಾತ್ರಿ ದೀಪ ಬೇಡ

ಬ್ರಿಟನ್, ಅಮೆರಿಕದಲ್ಲಿ ಮನೆಯೊಳಗೆ ಹರ್ಮನ್ ಆಮೆ ಸಾಕುವ ಕೆಲವರು ಚಳಿಗೆ ಹೆದರಿ ರಾತ್ರಿಯಿಡೀ ಕೆಂಪು ಬಲ್ಬು ಉರಿಸುತ್ತಾರೆ. ಕೆಂಪು ಬೆಳಕು ಆಮೆಗೆ ಕಾಣದು ಎಂಬುದು ಇದರ ಹಿಂದಿನ ನಂಬಿಕೆ. ಆದರೆ ಆಮೆಗೆ ಕೆಂಪು ಚೆನ್ನಾಗಿಯೇ ಕಾಣುತ್ತದೆ. ಟೊಮೆಟೊ ಚೂರು ಕಂಡರೆ ಕತ್ತು ಚಾಚಿ ಬರುವ ಪ್ರಾಣಿಗೆ ಆ ಬಲ್ಬು ಎಂದರೆ ಮುಗಿಯದ ಸಂಜೆ. ಮೆಡಿಟರೇನಿಯನ್ ಸೀಮೆಯ ಈ ಜೀವಿ ಒಗ್ಗಿಕೊಂಡಿರುವುದು ಹಗಲಿನ ಬಿಸಿಲಿಗೆ, ರಾತ್ರಿಯ ತಂಪಿಗೆ, ಗಾಢ ಕತ್ತಲಿಗೆ. ಹಗಲಲ್ಲಿ ದೀಪದಡಿ 30 ಡಿಗ್ರಿ ದಾಟಿದ ಕಾವು ಸಿಕ್ಕರೆ, ಆರೋಗ್ಯವಂತ ದೊಡ್ಡ ಆಮೆಗೆ ಒಣ ಜಾಗದಲ್ಲಿ 15 ಡಿಗ್ರಿಯ ರಾತ್ರಿ ಕಷ್ಟವೇನಲ್ಲ.

ಥಂಡಿಯಿಂದ ಶ್ವಾಸಕೋಶದ ಸೋಂಕು ಬಂದೀತು ಎನ್ನುವವರ ಆತಂಕ ಸುಳ್ಳಲ್ಲ. ಆದರೆ ಹೆಚ್ಚು ಅಪಾಯ ಇರುವುದು ತಂಪಿನ ಜತೆಗೆ ತೇವವೂ ಸೇರಿದಾಗ, ಹಗಲಲ್ಲೂ ಮೈ ಕಾಯದಿದ್ದಾಗ. ಮರಿ, ಕಾಯಿಲೆ ಬಿದ್ದದ್ದು, ಉಷ್ಣವಲಯದ ಕೆಂಪುಗಾಲಿನ ಆಮೆ, ಇವುಗಳಿಗೆ ರಾತ್ರಿಯೂ 20 ಡಿಗ್ರಿಗಿಂತ ಹೆಚ್ಚಿನ ಬೆಚ್ಚನೆ ಬೇಕು ನಿಜ. ಅದಕ್ಕೂ ಬೆಳಕಿನ ಅಗತ್ಯವಿಲ್ಲ. ಬೆಳಕು ಸೂಸದೆ ಕಾವು ಕೊಡುವ ಸೆರಾಮಿಕ್ ಹೀಟರನ್ನು ಮೇಲಿನಿಂದ ತೂಗುಹಾಕಿ, ಥರ್ಮೋಸ್ಟಾಟ್‌ಗೆ ಜೋಡಿಸಿದರಾಯಿತು. ಕೆಳಗಿಡುವ ಬಿಸಿ ಪ್ಯಾಡು ಬೇಡ: ಸೆಖೆಯಾದರೆ ಆಮೆ ಮಣ್ಣು ತೋಡಿ ತಂಪು ಹುಡುಕುತ್ತದೆ, ಅಲ್ಲಿ ಸಿಗುವುದು ಇನ್ನಷ್ಟು ಬಿಸಿ. ಥರ್ಮೋಸ್ಟಾಟ್‌ನ ತಂತಿಯ ತುದಿ ಗೋಡೆಯ ಮೇಲಲ್ಲ, ಆಮೆ ಮಲಗುವ ಕಡೆ ಚಿಪ್ಪಿನ ಎತ್ತರದಲ್ಲಿರಬೇಕು.