ಎದುರಾಳಿಯ ಪಾಲು

ಮೋಟಾರು ಪಂದ್ಯವೆಂದರೆ ಕಿವಿಗಡಚಿಕ್ಕುವ ಸದ್ದು, ಎಣ್ಣೆಯ ವಾಸನೆ, ಸಿರಿವಂತರ ದುಂದು, ಇಷ್ಟೇ ಎಂದೆಣಿಸಿ ಸಾಹಿತ್ಯಪ್ರಿಯರು ಮುಖ ತಿರುಗಿಸುವುದುಂಟು. ಆದರೆ ಇಬ್ಬರು ಸಮಬಲರು ಒಂದೇ ಪ್ರಶಸ್ತಿಗಾಗಿ ಪ್ರಾಣವನ್ನೇ ಪಣಕ್ಕಿಟ್ಟು ಸೆಣಸುವಲ್ಲಿ ಕಾವ್ಯವಸ್ತುವಿಲ್ಲವೆನ್ನುವವರಾರು? ಚಲನಚಿತ್ರ ಕಲೆಯಂತೂ ಈ ವಸ್ತುವನ್ನು ಬಿಡದೆ ಹಿಡಿದಿದೆ. ಅದಕ್ಕೆ ನ್ಯಾಯ ಸಲ್ಲಿಸಿದೆಯೇ ಎಂಬುದೊಂದು ವಿಚಾರಾರ್ಹವಾದ ಪ್ರಶ್ನೆ.

ಬ್ರೆಜಿಲಿನ ಅಯರ್ಟನ್ ಸೆನ್ನಾ, ಫ್ರಾನ್ಸಿನ ಅಲೈನ್ ಪ್ರಾಸ್ಟ್ 1988ರಲ್ಲಿ ಮೆಕ್‌ಲಾರೆನ್ ತಂಡದ ಜೊತೆಗಾರರು. ಆ ವರ್ಷದ 16 ಪಂದ್ಯಗಳಲ್ಲಿ 15ನ್ನು ಇವರಿಬ್ಬರೇ ಗೆದ್ದರು. ಮರುವರ್ಷ ಜಪಾನಿನ ಸುಜುಕಾದಲ್ಲಿ ಒಂದೇ ತಂಡದ ಆ ಎರಡು ಕಾರುಗಳು ಒಂದಕ್ಕೊಂದು ತಗುಲಿ ನಿಂತವು. ಸೆನ್ನಾ ಮತ್ತೆ ಹೊರಟು ಮೊದಲಿಗನಾಗಿ ಗುರಿಮುಟ್ಟಿದರೂ ಅನರ್ಹನೆಂದು ತೀರ್ಪಾಗಿ, ಆ ವರ್ಷದ ಪ್ರಶಸ್ತಿ ಪ್ರಾಸ್ಟನಿಗೆ ಹೋಯಿತು. 1990ರಲ್ಲಿ ಅದೇ ಸುಜುಕಾ. ಪ್ರಾಸ್ಟ್ ಆಗ ಫೆರಾರಿ ತಂಡದವನು. ಮೊದಲನೆಯ ತಿರುವಿನಲ್ಲೇ ಸೆನ್ನಾ ಅವನ ಮೇಲೆ ಹಾಯ್ದನು. ಇಬ್ಬರೂ ಕಣದಿಂದ ಹೊರಬಿದ್ದರು, ಪ್ರಶಸ್ತಿ ಸೆನ್ನಾನದಾಯಿತು. ಬೇಕೆಂದೇ ಹಾಗೆ ಮಾಡಿದುದಾಗಿ ಮರುವರ್ಷ ಅವನೇ ಒಪ್ಪಿಕೊಂಡನು.

ಭಾರತೀಯ ಮೂಲದ ಬ್ರಿಟಿಷ್ ನಿರ್ದೇಶಕ ಆಸಿಫ್ ಕಪಾಡಿಯಾರ ‘ಸೆನ್ನಾ’ (2010) ಈ ಕಥೆಯನ್ನು ಹೇಳುವ ಚಿತ್ರ. ಅದರಲ್ಲಿ ನಟರಿಲ್ಲ, ಆ ಕಾಲದ ಚಿತ್ರಸುರುಳಿಗಳನ್ನೇ ಆಯ್ದು ಕಟ್ಟಿದ ಕೃತಿಯದು. ಅದರ ಶಕ್ತಿಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಒಂದೊಂದು ದೃಶ್ಯವೂ ದಿಟವಾಗಿದ್ದು ಒಟ್ಟು ಕೃತಿ ಒಮ್ಮುಖವಾಗುವುದು ಸಾಧ್ಯ. ಇಲ್ಲಿ ಪ್ರಾಸ್ಟ್ ಬರಿಯ ಲೆಕ್ಕಾಚಾರದವನು, ಅಧಿಕಾರಿಗಳ ಮರೆಹೊಕ್ಕವನು. ಈ ಚಿತ್ರಣದ ಬಗೆಗೆ ಅವನು ಬಹಿರಂಗವಾಗಿಯೇ ಅಸಮಾಧಾನ ಸೂಚಿಸಿದ್ದಾನೆ. 1993ರ ಕೊನೆಯಲ್ಲಿ ಅವನು ನಿವೃತ್ತನಾದ ಮೇಲೆ ಸೆನ್ನಾ ಆಗಾಗ ದೂರವಾಣಿಯಲ್ಲಿ ಕರೆದು ಮಾತನಾಡುತ್ತಿದ್ದನಂತೆ. 1994ರ ಮೇ 1ರಂದು ಇಮೋಲಾದಲ್ಲಿ ಸೆನ್ನಾ ಮಡಿದಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಪ್ರಾಸ್ಟನೂ ಒಬ್ಬ. ಎದುರಾಳಿಯಿಲ್ಲದೆ ಕಣ ಬರಿದಾದ ಆ ಕೆಲವು ತಿಂಗಳುಗಳಲ್ಲಿ ನಾಟಕದ ಇನ್ನೊಂದು ಅಂಕವೇ ಇತ್ತು. ಚಿತ್ರ ಅದನ್ನು ಕೊನೆಯಲ್ಲಿ ಮುಟ್ಟಿದಂತೆ ಮಾಡಿ ಬಿಡುತ್ತದೆ.

ಅರ್ಜುನನನ್ನು ನಾಯಕನಾಗಿಸಿಕೊಂಡ ಪಂಪನು ಕರ್ಣನಿಗೆ ಮನಸೋತುದನ್ನು ಬಲ್ಲ ಕನ್ನಡ ವಾಚಕರಿಗೆ ಈ ಕೊರತೆ ಬೇಗನೆ ಕಾಣುತ್ತದೆ.

ಸೋಜಿಗವೆಂದರೆ, ಕಲ್ಪಿತ ಸನ್ನಿವೇಶಗಳನ್ನು ಧಾರಾಳವಾಗಿ ಬೆರೆಸಿದ ರಾನ್ ಹೋವರ್ಡರ ‘ರಷ್’ (2013) ಈ ವಿಷಯದಲ್ಲಿ ಹೆಚ್ಚು ನ್ಯಾಯವಂತವಾಗಿದೆ. ನಿಜಜೀವನದಲ್ಲಿ ಸ್ನೇಹಿತರೇ ಆಗಿದ್ದ ಇಂಗ್ಲೆಂಡಿನ ಜೇಮ್ಸ್ ಹಂಟ್, ಆಸ್ಟ್ರಿಯದ ನಿಕಿ ಲೌಡಾ ಇಲ್ಲಿ ಮೊದಲಿನಿಂದಲೂ ಹಾವು ಮುಂಗುಸಿಗಳು. ಆದರೆ ಕಥೆ ಹೇಳುವ ಅಧಿಕಾರವನ್ನು ಚಿತ್ರ ಸೋತ ಲೌಡಾನಿಗೆ ಕೊಟ್ಟಿದೆ. 1976ರ ಆಗಸ್ಟ್ 1ರಂದು ಜರ್ಮನಿಯ ನರ್ಬರ್ಗ್‌ರಿಂಗಿನಲ್ಲಿ ಅವನ ಕಾರು ಹೊತ್ತಿ ಉರಿಯಿತು. ಆಸ್ಪತ್ರೆಯಲ್ಲಿ ಪಾದ್ರಿ ಅಂತ್ಯಸಂಸ್ಕಾರದ ಮಂತ್ರವನ್ನೂ ಹೇಳಿ ಮುಗಿಸಿದ್ದನು. ಆರು ವಾರಗಳಲ್ಲಿ ಆತ ಮೊಂಜಾದ ಕಣಕ್ಕಿಳಿದು, ಇನ್ನೂ ಒಣಗದ ಗಾಯಗಳೊಡನೆ ನಾಲ್ಕನೆಯವನಾಗಿ ಬಂದನು. ಜಪಾನಿನ ಫುಜಿಯಲ್ಲಿ ನಡೆದ ಕೊನೆಯ ಪಂದ್ಯಕ್ಕೆ ಜಡಿಮಳೆ. ಎರಡು ಸುತ್ತು ಮುಗಿಸಿ, ಇದು ಜೀವಕ್ಕೆ ಅಪಾಯವೆಂದು ಲೌಡಾ ಕಾರು ನಿಲ್ಲಿಸಿ ಇಳಿದುಬಿಟ್ಟನು. ಮೂರನೆಯವನಾಗಿ ಬಂದ ಹಂಟ್ ಒಂದೇ ಅಂಕದಿಂದ ವಿಶ್ವವಿಜೇತನಾದನು.

ಕಾರಿನಿಂದಿಳಿದ ಆ ಕ್ಷಣವನ್ನು ಚಿತ್ರ ಹೇಡಿತನವೆಂದು ತೋರಿಸದೆ, ಹಂಟನ ಗೆಲುವಿನ ಪಕ್ಕದಲ್ಲಿ ಸರಿಸಮನಾಗಿ ನಿಲ್ಲಿಸಿದೆ. ಹಂಟ್ 1993ರಲ್ಲಿ 45ರ ವಯಸ್ಸಿಗೇ ತೀರಿಕೊಂಡನು. ಚಿತ್ರದ ಕೊನೆಯಲ್ಲಿ ಅವನನ್ನು ನೆನೆಯುವ ದನಿಯೂ ಲೌಡಾನದೇ.