ಹೊರಗಿನವರು ಯಾರು?

ಹೊಟ್ಟೆಪಾಡಿಗಾಗಿ ಊರು ಬಿಡುವುದು ಇಂದು ನಿನ್ನೆಯ ಸಂಗತಿಯಲ್ಲ. ಬೆಂಗಳೂರಿನ ಬೀದಿಗಳಲ್ಲಿ ಎಳನೀರಿನ ರಾಶಿಯ ಪಕ್ಕ ಮಚ್ಚು ಹಿಡಿದು ನಿಂತವರನ್ನು ಮಾತನಾಡಿಸಿದರೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರು ಅನೇಕರು ಸಿಗುತ್ತಾರೆ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಲಾರಿಗಳು ಬೆಂಗಳೂರಿಗಷ್ಟೇ ಅಲ್ಲ, ಮುಂಬಯಿ, ದೆಹಲಿಗಳಿಗೂ ಸಾಗುತ್ತವೆ. ತೋಟದಲ್ಲಿ ಗೊನೆ ಇಳಿಸುವ ರೈತನ ಆದಾಯವು ಆ ನಗರಗಳ ರಸ್ತೆಬದಿಯಲ್ಲಿ ಬಿಸಿಲಿಗೆ ಮೈಯೊಡ್ಡಿ ನಿಂತ ಚಿಕ್ಕ ವ್ಯಾಪಾರಿಯನ್ನು ಅವಲಂಬಿಸಿದೆ.

ಚಿಕ್ಕ ವ್ಯಾಪಾರವನ್ನು ಹಗುರವಾಗಿ ಕಾಣುವವರು ಮದ್ದೂರಿನ ಚರಿತ್ರೆಯನ್ನು ನೆನೆಯಲಿ. 1917ರಲ್ಲಿ ಅಲ್ಲಿನ ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಅವರ ಕೈಯಲ್ಲಿ ರೂಪುಗೊಂಡ ವಡೆಯೇ ಆ ಊರಿನ ಹೆಸರನ್ನು ನಾಡಿಗೆಲ್ಲ ಹರಡಿತು.

ನಮ್ಮ ಜಿಲ್ಲೆಯ ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಯ ಅನೇಕ ಕುಟುಂಬಗಳು ಮುಂಬಯಿಯಲ್ಲಿ ಹೋಟೆಲು, ಸಣ್ಣಪುಟ್ಟ ವ್ಯಾಪಾರಗಳಿಂದ ಬದುಕು ಕಟ್ಟಿಕೊಂಡಿವೆ. 2020ರ ಮೇ ತಿಂಗಳಲ್ಲಿ ಕೊರೋನಾ ಹಾವಳಿಗೆ ಸಿಲುಕಿ ಅವರು ಊರಿಗೆ ಮರಳಿದರು. ಅವರಲ್ಲಿ ಹಲವರಿಗೆ ಸೋಂಕು ತಗುಲಿದ್ದು ತಿಳಿದಾಗ ನಮ್ಮಲ್ಲಿ ಕೆಲವರ ದೃಷ್ಟಿಯೇ ಬದಲಾಯಿತು. ಹಬ್ಬಕ್ಕೆ ಬಂದಾಗ, ಊರಿನ ಕಾರ್ಯಗಳಿಗೆ ದೇಣಿಗೆ ಕೊಟ್ಟಾಗ 'ನಮ್ಮವರು' ಆಗಿದ್ದವರು ಕೆಲವೇ ದಿನಗಳಲ್ಲಿ 'ಮುಂಬಯಿಯವರು' ಆಗಿಬಿಟ್ಟರು. ಈ ತಪ್ಪನ್ನು ನಾವು ಮರೆಯಬಾರದು.

ಇತ್ತ ನಮ್ಮ ಪೇಟೆಬೀದಿಗಳಿಗೂ ದೂರದವರು ಬಂದಿದ್ದಾರೆ. ರಾಜಸ್ಥಾನದವರ ಮಳಿಗೆಗಳಿವೆ, ಕೇರಳದವರ ಬೇಕರಿಗಳಿವೆ, ಉತ್ತರ ಭಾರತದ ಹುಡುಗರ ಪಾನಿಪೂರಿ ಗಾಡಿಗಳಿವೆ. ಮುಂಬಯಿಯಲ್ಲಿ ನಮ್ಮವರನ್ನು ಯಾರಾದರೂ 'ಹೊರಗಿನವರು' ಎಂದು ಜರೆದರೆ ನೊಂದುಕೊಳ್ಳುವ ನಾವು, ಇಲ್ಲಿ ಅದೇ ಮಾತನ್ನಾಡುವುದು ನ್ಯಾಯವೇ? ಕನ್ನಡ ಕಲಿಯಿರಿ, ತೂಕದಲ್ಲಿಯೂ ಲೆಕ್ಕದಲ್ಲಿಯೂ ಪ್ರಾಮಾಣಿಕರಾಗಿರಿ ಎಂದು ಅವರನ್ನು ಕೇಳಬಹುದು. ಆದರೆ ಅವಮಾನಿಸುವ ಹಕ್ಕು ನಮಗಿಲ್ಲ.

2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆಯೂ ವ್ಯಾಪಾರಿಯ ಹುಟ್ಟೂರನ್ನು ನೋಡಿ ಭೇದವೆಣಿಸುವುದಿಲ್ಲ. ಸಮೀಕ್ಷೆ ಮುಗಿದು ಪ್ರಮಾಣಪತ್ರ ವಿತರಣೆಯಾಗುವ ತನಕ ಯಾರನ್ನೂ ಎಬ್ಬಿಸಬಾರದೆಂದು ಅದು ವಿಧಿಸಿದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳು ಶೇಕಡಾ 40ಕ್ಕಿಂತ ಕಡಿಮೆ ಇರಕೂಡದು. ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಈ ಹಕ್ಕುಗಳನ್ನು ಬಲ್ಲ ವಿದ್ಯಾವಂತರು ಬಲ್ಲದವರಿಗೆ ತಿಳಿಸಿಕೊಡಬೇಕು. ಅರ್ಜಿ ಬರೆದುಕೊಡುವುದೂ ಒಂದು ಸೇವೆಯೇ.

ಮುಂದಿನ ಬಾರಿ ಪೇಟೆಯಲ್ಲಿ ಬಡವನ ಗಾಡಿಯೆದುರು ಚೌಕಾಸಿಗೆ ಇಳಿಯುವ ಮುನ್ನ, ನಮ್ಮ ಮನೆಯ ಮಗನೊಬ್ಬನೂ ಎಲ್ಲೋ ದೂರದ ನಗರದಲ್ಲಿ ಹೀಗೆಯೇ ಗಿರಾಕಿಗಾಗಿ ಕಾದು ನಿಂತಿದ್ದಾನೆಂಬುದನ್ನು ನೆನೆಯೋಣ. ಅವನಿಗೆ ಅಲ್ಲಿ ದೊರೆಯಲೆಂದು ನಾವು ಬಯಸುವ ಮರ್ಯಾದೆಯನ್ನು ಇಲ್ಲಿ ಈತನಿಗೆ ಸಲ್ಲಿಸೋಣ.